ಸಮುದ್ರದೊಳಗೊಂದು ಗುಡಿ

ಟ್ರಿನಿಡಾಡ್ ಅಂದ್ರೆ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗೋದು ಕ್ರಿಕೆಟ್ಟೇ. ಬ್ರಯಾನ್ ಲಾರಾ ಹುಟ್ಟಿದ ದ್ವೀಪ. 1976ರಲ್ಲಿ ಭಾರತ 403 ರನ್ ಬೆನ್ನಟ್ಟಿ ಗೆದ್ದಿದ್ದೂ ಇಲ್ಲಿನ ಕ್ವೀನ್ಸ್ ಪಾರ್ಕ್ ಓವಲ್‌ನಲ್ಲಿ. ಆ ಇನ್ನಿಂಗ್ಸ್‌ನಲ್ಲಿ ನಮ್ಮ ಭದ್ರಾವತಿಯ ವಿಶ್ವನಾಥ್ 112 ಹೊಡೆದಿದ್ರು. ಅವತ್ತು ಭಾರತಕ್ಕೆ ಚಪ್ಪಾಳೆ ತಟ್ಟಿದ ಸ್ಥಳೀಯರೂ ಇದ್ರು. ಅಷ್ಟು ದೂರದಲ್ಲಿ ಅವರು ಹೇಗೆ ಬಂದ್ರು? ಉತ್ತರ ಬೇಕಂದ್ರೆ ಮೂರು ಜಾಗ ನೋಡ್ಬೇಕು.

ಮೊದಲನೆಯದು ಎಲ್ಲ ಟೂರಿಸ್ಟ್ ಪಟ್ಟಿಗಳಲ್ಲೂ ಇರುತ್ತೆ. ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ನ ದೊಡ್ಡ ಮೈದಾನದ ಪಕ್ಕ ಸಾಲಾಗಿ ನಿಂತ ಏಳು ಭವ್ಯ ಕಟ್ಟಡಗಳು, 'ಮ್ಯಾಗ್ನಿಫಿಸೆಂಟ್ ಸೆವೆನ್'. 20ನೇ ಶತಮಾನದ ಆರಂಭದಲ್ಲಿ ಕಟ್ಟಿದವು. ಇವುಗಳಲ್ಲಿ ವೈಟ್‌ಹಾಲ್ ಒಬ್ಬ ಕೋಕೋ ತೋಟದ ಧಣಿಯ ಮನೆ. ಆಮೇಲೆ ಪ್ರಧಾನಿಯ ಕಚೇರಿಯಾಯ್ತು. ಫೋಟೋಗೆ ಚೆನ್ನಾಗಿದೆ. ಆದರೆ ಆ ಕಾಲದ ತೋಟಗಳಲ್ಲಿ ದುಡಿದವರು ಯಾರು ಅಂತ ಗೋಡೆಗಳು ಹೇಳಲ್ಲ.

ಅದನ್ನು ಹೇಳೋದು ಎರಡನೆಯ ಜಾಗ, ನಗರದ ಪಶ್ಚಿಮಕ್ಕೆ ಸಮುದ್ರದಲ್ಲಿರೋ ನೆಲ್ಸನ್ ಎಂಬ ಪುಟ್ಟ ದ್ವೀಪ. ಗುಲಾಮಗಿರಿ ನಿಂತ ಮೇಲೆ ಕಬ್ಬಿನ ತೋಟಗಳಿಗೆ ಕಡಿಮೆ ಕೂಲಿಯ ಆಳುಗಳು ಬೇಕಾಗಿ, ಬ್ರಿಟಿಷರು ಭಾರತದಿಂದ ಜನರನ್ನು ಕರಾರಿನ ಮೇಲೆ ತರಿಸಿಕೊಂಡ್ರು. ಮೊದಲ ಹಡಗು 1845ರ ಮೇ 30ರಂದು ಬಂತು. 1917ರ ಹೊತ್ತಿಗೆ 1,40,000ಕ್ಕೂ ಹೆಚ್ಚು ಜನ ಬಂದಿದ್ರು. ಹೆಚ್ಚಿನವರು ಕಲ್ಕತ್ತಾದಿಂದ, ಕೆಲವರು ಮದ್ರಾಸಿನಿಂದ. 1866ರ ನಂತರ ಬಂದವರನ್ನು ಮೊದಲು ಇದೇ ದ್ವೀಪದಲ್ಲಿ ಇಳಿಸಿ, ಆರೋಗ್ಯ ತಪಾಸಣೆ ಮಾಡಿ, ತೋಟಗಳಿಗೆ ಹಂಚ್ತಿದ್ರು. ಕರಾರು 5 ವರ್ಷದ್ದು. ಕಬ್ಬಿನ ಗರಿ ಕೈ ಕುಯ್ಯೋದು ಹೇಗಿರುತ್ತೆ ಅಂತ ಹಳ್ಳಿಯಲ್ಲಿ ಬೆಳೆದ ನಮಗೆ ಗೊತ್ತು. ಕೆಲಸ ಬಿಟ್ಟು ಹೋದ್ರೆ ಜೈಲು ಅನ್ನೋ ಕಾನೂನಿನ ಕೆಳಗೆ ಅದನ್ನು ಕಡಿಯೋದು ಹೇಗಿರುತ್ತೆ ಅಂತ ಗೊತ್ತಿಲ್ಲ.

ಮೂರನೆಯದು ವಾಟರ್‌ಲೂ ಹಳ್ಳಿಯ ಗುಡಿ. ಸೇವಾದಾಸ್ ಸಾಧು ಭಾರತದಿಂದ ಹೀಗೇ ಬಂದ ಕುಟುಂಬದವರು. 1947ರಲ್ಲಿ ತೀರದಲ್ಲಿ ಒಂದು ಗುಡಿ ಕಟ್ಟಿದ್ರು. ಜಾಗ ಸಕ್ಕರೆ ಕಂಪನಿಯದು. 1952ರಲ್ಲಿ ಅದನ್ನು ಕೆಡವಿ, ಅವರಿಗೆ ದಂಡ ಹಾಕಿ, ಜೈಲಿಗೂ ಕಳಿಸಿದ್ರು. ಹೊರಗೆ ಬಂದವರು ಮಾಡಿದ ಲೆಕ್ಕ ಸರಳ: ನೆಲಕ್ಕೆ ಮಾಲೀಕರಿದ್ದಾರೆ, ನೀರಿಗಿಲ್ವಲ್ಲ. ಸೈಕಲ್ ಮೇಲೆ ಕಲ್ಲು, ಸಿಮೆಂಟು ಹೇರಿಕೊಂಡು, ವರ್ಷಗಟ್ಟಲೆ ಸಮುದ್ರಕ್ಕೆ ಸುರಿದು, ಅದರ ಮೇಲೆ ಮತ್ತೆ ಗುಡಿ ಕಟ್ಟಿದ್ರು. ಅಲೆಗಳು ಅದನ್ನು ತಿನ್ನುತ್ತಲೇ ಇದ್ವು. ಅವರು ತೀರಿಕೊಂಡ ಎಷ್ಟೋ ಕಾಲದ ನಂತರ, 1990ರ ದಶಕದಲ್ಲಿ, ಸರ್ಕಾರದ ನೆರವಿನಿಂದ ಅದು ಈಗಿನ ರೂಪ ಪಡೆಯಿತು. ಒಂದು ಕಾಲದಲ್ಲಿ ಜೈಲು ಕೊಟ್ಟ ಕೆಲಸ ಈಗ ದೇಶದ ಹೆಮ್ಮೆ.

ಈ ಗುಡಿಯಲ್ಲಿ ಹಂಪಿಯ ಕೆತ್ತನೆ ಹುಡುಕಬೇಡಿ, ಸಿಗಲ್ಲ. ಆದರೆ ಗುಡಿಯ ಕಡೆ ಹೋಗೋ ದಾರಿಯಲ್ಲಿ ಕಾಲ ಕೆಳಗೆ ಒಮ್ಮೆ ನೋಡಿ. ಹಿಡಿ ಜಾಗ ಸಿಗದವನೊಬ್ಬ ತಾನೇ ಮಾಡಿಕೊಂಡ ನೆಲ ಶುರುವಾಗಿದ್ದು ಇಲ್ಲೇ.