ಗ್ಯಾರೇಜಿಗೆ ಬಂದ ಮರಗೆಲಸ

ಅಮೆರಿಕದ ಅನೇಕ ಗ್ಯಾರೇಜುಗಳಲ್ಲಿ ಕಾರಿಗಿಂತ ಮರಗೆಲಸದ ಸಲಕರಣೆಗಳೇ ಹೆಚ್ಚು ಸ್ಥಳವನ್ನು ಆಕ್ರಮಿಸಿರುತ್ತವೆ. ಈ ಹವ್ಯಾಸಕ್ಕೂ ಒಂದು ಇತಿಹಾಸವಿದೆ.

1917ರಲ್ಲಿ ಬ್ಲ್ಯಾಕ್ ಅಂಡ್ ಡೆಕರ್ ಕಂಪನಿಯು ಪಿಸ್ತೂಲಿನಂತಹ ಹಿಡಿಯುಳ್ಳ ವಿದ್ಯುತ್ ಬೈರಿಗೆಗೆ ಪೇಟೆಂಟ್ ಪಡೆಯಿತು. ಆಗ ಅದು ಕಾರ್ಖಾನೆಯ ಉಪಕರಣ. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಅಸಂಖ್ಯ ಗಂಡಸರೂ ಹೆಂಗಸರೂ ಕಾರ್ಖಾನೆಗಳಲ್ಲಿ ಇಂತಹ ಯಂತ್ರಗಳನ್ನು ಬಳಸಲು ಕಲಿತರು. ಯುದ್ಧ ಮುಗಿದ ಮರುವರ್ಷವೇ, 1946ರಲ್ಲಿ, ಅದೇ ಕಂಪನಿಯು ಮನೆಬಳಕೆಯ ಬೈರಿಗೆಯನ್ನು ಮಾರಾಟಕ್ಕೆ ತಂದಿತು.

ಕೈಗಳೇನೋ ಸಿದ್ಧವಾಗಿದ್ದವು, ಮನೆಯಲ್ಲಿ ಸ್ಥಳವೆಲ್ಲಿ? ಉತ್ತರ ಕೊಟ್ಟವರು ಜರ್ಮನಿಯಿಂದ ವಲಸೆ ಬಂದು ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ್ದ ಹ್ಯಾನ್ಸ್ ಗೋಲ್ಡ್‌ಸ್ಮಿಟ್. 1947ರಲ್ಲಿ ಮಾರುಕಟ್ಟೆಗೆ ಬಂದ ಅವರ ‘ಶಾಪ್‌ಸ್ಮಿತ್’ ಒಂದೇ ಮೋಟಾರಿನಿಂದ ಐದು ಕೆಲಸ ಮಾಡುತ್ತಿತ್ತು: ಕೊಯ್ಯುವುದು, ಕಡೆಯುವುದು, ಉಜ್ಜುವುದು, ನೆಟ್ಟಗೆ ಹಾಗೂ ಅಡ್ಡಲಾಗಿ ರಂಧ್ರ ಕೊರೆಯುವುದು. ಗ್ಯಾರೇಜಿನ ಒಂದು ಮೂಲೆಯೇ ಅದಕ್ಕೆ ಸಾಕಾಯಿತು.

ನಮ್ಮ ನಾಡಿನಲ್ಲಿ ಮರಗೆಲಸ ಬಹುಮಟ್ಟಿಗೆ ಕುಲಕಸುಬಾಗಿತ್ತು. ಬಡಗಿಯ ಮನೆಯಲ್ಲಿ ಉಳಿ, ಬಾಚಿ, ಉಜ್ಜುಕೊರಡುಗಳು ತಂದೆಯಿಂದ ಮಗನಿಗೆ ಬಂದವು. ಉಳಿದವರು ನಿಂತು ನೋಡಿದರು. ಇಲ್ಲಿಯಾದರೋ ಗುಮಾಸ್ತನೂ ಅಧ್ಯಾಪಕನೂ ಭಾನುವಾರದ ಬಡಗಿಗಳಾದರು. ನೋಡುತ್ತ ನಿಂತವರ ಮಕ್ಕಳಾದ ನಮ್ಮಲ್ಲಿ ಹಲವರಿಗೆ ಉಳಿ ಹಿಡಿಯುವ ಅವಕಾಶ ಒದಗಿರುವುದು ಈ ಪರದೇಶದ ಗ್ಯಾರೇಜಿನಲ್ಲಿಯೇ.

ಆದ್ದರಿಂದ ಮಕ್ಕಳ ಕೈಗೆ ಉಪಕರಣವನ್ನು ಕೊಡುವಾಗ ಅದರ ಕನ್ನಡದ ಹೆಸರನ್ನೂ ಕೊಡೋಣ. ಬಳಸುವ ಕೈಯಿಲ್ಲದಿದ್ದರೆ ಬೈರಿಗೆ, ಬಾಚಿಗಳು ನಿಘಂಟಿನಲ್ಲಿ ಮಾತ್ರ ಉಳಿದಾವು.