ಹುಳಿಯ ಕಾವಲು, ದಿನದ ಲೆಕ್ಕ

ಪುಣೆಯ ರಸ್ತಾ ಪೇಟೆಯ ಕೆ.ಇ.ಎಂ. ಆಸ್ಪತ್ರೆಯಿಂದ 1987–89ರ ಅವಧಿಯಲ್ಲಿ ಎರಡು ಕಿಲೋ ಕೂಡ ತೂಗದೆ ಹುಟ್ಟಿದ್ದ ಕೂಸುಗಳು ಮನೆಗೆ ಹೊರಟಾಗ, ವೈದ್ಯರು ಅವುಗಳ ಫೈಲು ಮುಚ್ಚಲಿಲ್ಲ. ಡಾ. ಸುಧಾ ಚೌಧರಿ, ಡಾ. ಆನಂದ ಪಂಡಿತ್ ಮತ್ತು ಸಂಗಡಿಗರು ಆ ಮಕ್ಕಳನ್ನು ಹದಿನೆಂಟು ತುಂಬುವವರೆಗೂ ಕರೆಸಿ, ಅಳೆದು, ಓದಿಸಿ ನೋಡಿದರು. ಕೊನೆಯ ಹಂತದಲ್ಲಿ ಸಿಕ್ಕವರು 161 ಮಂದಿ. ದಿನ ತುಂಬದೆ ಹುಟ್ಟಿ, ಆ ದಿನಕ್ಕಿರಬೇಕಾದ ತೂಕವೂ ಇಲ್ಲದಿದ್ದವರು ಎತ್ತರದಲ್ಲೂ ಬುದ್ಧಿಮತ್ತೆಯ ಪರೀಕ್ಷೆಯಲ್ಲೂ ಹಿಂದುಳಿದಿದ್ದರು. ‘ಏಳು ತಿಂಗಳಿಗೆ ಹುಟ್ಟಿದರೂ ಕೂಸು ಉಳಿಯಿತಲ್ಲ’ ಎಂದು ಮನೆಯವರು ನಿಟ್ಟುಸಿರು ಬಿಟ್ಟ ಮೇಲೂ ಲೆಕ್ಕ ಮುಗಿದಿರುವುದಿಲ್ಲ ಎಂಬುದನ್ನು ಈ ಅಧ್ಯಯನ ತೋರಿಸಿತು.

ಅದೇ ಊರಿನ ಹಡಪ್ಸರ ಕೈಗಾರಿಕಾ ವಸಾಹತಿನಲ್ಲಿರುವ ಟಿಸಿಎಸ್ ಸಂಶೋಧನಾ ಕೇಂದ್ರದಲ್ಲಿ ಶರ್ಮಿಳಾ ಮಾಂಡೆ ಅವರ ತಂಡ 2017ರಲ್ಲಿ ಪ್ರಶ್ನೆಯನ್ನು ಇನ್ನೊಂದು ತುದಿಯಿಂದ ಹಿಡಿಯಿತು. ಬಸುರಿಗೆ ಮೂರು ತಿಂಗಳು ತುಂಬುವುದರೊಳಗೆ, ಆಕೆಯ ಯೋನಿಯಲ್ಲಿರುವ ಸೂಕ್ಷ್ಮಜೀವಿಗಳನ್ನು ಎಣಿಸಿ, ಹೆರಿಗೆ ಬೇಗ ಆದೀತೇ ಎಂದು ಹೇಳಬಹುದೇ? ಈ ಪ್ರಶ್ನೆ ಕೇಳಲು ವಿಜ್ಞಾನಕ್ಕೆ ನೂರಿಪ್ಪತ್ತೈದು ವರ್ಷ ಬೇಕಾಯಿತು.

ಬಾಣಂತಿ ನಂಜಿನಿಂದ ಶುರು

1892ರಲ್ಲಿ ಜರ್ಮನಿಯ ವೈದ್ಯ ಆಲ್ಬರ್ಟ್ ಡೋಡರ್ಲೈನ್ ಹುಡುಕುತ್ತಿದ್ದದ್ದು ಬಾಣಂತಿ ನಂಜಿನ ಮೂಲವನ್ನು. ಆರೋಗ್ಯವಂತ ಹೆಂಗಸರ ಯೋನಿಸ್ರಾವದಲ್ಲಿ ಆತನಿಗೆ ಕಂಡದ್ದು ಕಡ್ಡಿಯಾಕಾರದ, ಹುಳಿ ತಯಾರಿಸುವ ಬ್ಯಾಕ್ಟೀರಿಯಾ. ಅದೇ ಇಂದಿನ ಲ್ಯಾಕ್ಟೋಬ್ಯಾಸಿಲಸ್. ಈಸ್ಟ್ರೋಜನ್ ಹಾರ್ಮೋನಿನ ಪ್ರಭಾವದಿಂದ ಯೋನಿಯ ಒಳಪದರದಲ್ಲಿ ಗ್ಲೈಕೋಜನ್ ಎಂಬ ಪಿಷ್ಟ ಶೇಖರವಾಗುತ್ತದೆ. ಅದು ಒಡೆದಾಗ ಸಿಗುವ ಸಕ್ಕರೆಯನ್ನು ಈ ಜೀವಿಗಳು ಲ್ಯಾಕ್ಟಿಕ್ ಆಮ್ಲವಾಗಿಸುತ್ತವೆ. ಪಿಎಚ್ 4.5ಕ್ಕಿಂತ ಕೆಳಗಿದ್ದರೆ ಬೇರೆ ಜೀವಿಗಳಿಗೆ ಅಲ್ಲಿ ಬೇರೂರುವುದು ಕಷ್ಟ. ಕರುಳಿನಲ್ಲಿ ಹತ್ತಾರು ಬಗೆಯ ಜೀವಿಗಳಿದ್ದರೆ ಒಳ್ಳೆಯದು ಎನ್ನುತ್ತೇವೆ. ಇಲ್ಲಿ ಮಾತು ತಿರುವುಮುರುವು: ಒಂದೇ ಮನೆತನ ಗಟ್ಟಿಯಾಗಿ ಕೂತಿದ್ದರೆ ಕ್ಷೇಮ.

ಆ ಮನೆತನ ಕರಗಿ ಬೇರೆಯವು ತುಂಬಿಕೊಂಡ ಸ್ಥಿತಿಗೆ ಬ್ಯಾಕ್ಟೀರಿಯಲ್ ವಜೈನೋಸಿಸ್ ಎಂದು ಹೆಸರು. ಹೆಂಗಸರ ಮಾತಿನಲ್ಲಿ ‘ಬಿಳಿ ಹೋಗುವುದು’ ಎನ್ನುವುದರೊಳಗೆ ಅಡಗಿರುವ ಹಲವು ತೊಂದರೆಗಳಲ್ಲಿ ಇದೂ ಒಂದು. 1955ರಲ್ಲಿ ಗಾರ್ಡ್‌ನರ್ ಮತ್ತು ಡ್ಯೂಕ್ಸ್ ಇದಕ್ಕೆ ಒಂದೇ ಬ್ಯಾಕ್ಟೀರಿಯಾವನ್ನು ಹೊಣೆ ಮಾಡಿದರು. ಇಂದು ಅದನ್ನು ಗಾರ್ಡ್‌ನರೆಲ್ಲಾ ಎನ್ನುತ್ತೇವೆ. ಕಾರಣ ಒಂದಲ್ಲ, ಇಡೀ ಗುಂಪು ಎಂಬುದು ಆಮೇಲೆ ತಿಳಿಯಿತು.

1991ರಲ್ಲಿ ಬಂದ ನ್ಯೂಜೆಂಟ್ ಅಂಕಪದ್ಧತಿ ಈಗಲೂ ಬಳಕೆಯಲ್ಲಿದೆ. ಗ್ರಾಮ್ ಬಣ್ಣ ಹಾಕಿದ ಗಾಜಿನ ಪಟ್ಟಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಲ್ಯಾಕ್ಟೋಬ್ಯಾಸಿಲಸ್‌ಗಳು ನೇರಳೆ ಬಣ್ಣದ ದಪ್ಪ ಕಡ್ಡಿಗಳಂತೆ ಬಿದ್ದಿರುತ್ತವೆ. ಸಮತೋಲ ತಪ್ಪಿದ ಪಟ್ಟಿಯಲ್ಲಿ ಆ ಕಡ್ಡಿಗಳು ಕಾಣೆ. ಪುಟಾಣಿ ಚುಕ್ಕೆಗಳು ಒಳಪದರದ ಕೋಶಗಳಿಗೆ ಎಷ್ಟು ಒತ್ತಾಗಿ ಮೆತ್ತಿಕೊಂಡಿರುತ್ತವೆಂದರೆ, ಹಿಟ್ಟು ಉದುರಿಸಿದ ರೊಟ್ಟಿಯ ಹಾಗೆ ಕೋಶದ ಅಂಚೇ ಮಸುಕಾಗಿರುತ್ತದೆ. ಸೊನ್ನೆಯಿಂದ ಹತ್ತರವರೆಗೆ ಅಂಕ; ಏಳು ಅಥವಾ ಅದಕ್ಕಿಂತ ಹೆಚ್ಚಾದರೆ ವಜೈನೋಸಿಸ್.

ನಂಟು ಸಿಕ್ಕಿತು, ಮದ್ದು ಸಿಗಲಿಲ್ಲ

1995ರಲ್ಲಿ ಶರನ್ ಹಿಲಿಯರ್ ಮತ್ತು ಸಂಗಡಿಗರು ಅಮೆರಿಕದ 10,397 ಗರ್ಭಿಣಿಯರನ್ನು ಗಮನಿಸಿ ಬರೆದರು: ವಜೈನೋಸಿಸ್ ಇದ್ದವರಲ್ಲಿ ದಿನ ತುಂಬದೆ, ಕಡಿಮೆ ತೂಕದ ಮಗು ಹುಟ್ಟುವ ಸಂಭವ ಸುಮಾರು ಶೇ 40ರಷ್ಟು ಹೆಚ್ಚು. ವಿವರಣೆಯೂ ಸರಳವಾಗಿತ್ತು. ಹುಳಿ ಇಳಿದಾಗ ಬೆಳೆದ ಜೀವಿಗಳು ಲೋಳೆಯ ತಡೆಯನ್ನು ಕರಗಿಸಿ, ಗರ್ಭಕೊರಳು ದಾಟಿ ಮೇಲೇರುತ್ತವೆ. ದೇಹ ಉರಿಯೂತದಿಂದ ಉತ್ತರಿಸುತ್ತದೆ. ಆಗ ಹೊಮ್ಮುವ ಪ್ರೋಸ್ಟಗ್ಲ್ಯಾಂಡಿನ್‌ಗಳು ಗರ್ಭಕೊರಳನ್ನು ಮೆದುವಾಗಿಸಿ, ಹೊತ್ತಿಗೆ ಮುಂಚೆ ನೋವು ಬರಿಸುತ್ತವೆ.

ಹಾಗಿದ್ದರೆ ಆ ಜೀವಿಗಳನ್ನು ಕೊಂದರಾಯಿತಲ್ಲ? 2000ದಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಯಾವ ಲಕ್ಷಣವೂ ಇಲ್ಲದ ವಜೈನೋಸಿಸ್ ಇದ್ದ 1,953 ಗರ್ಭಿಣಿಯರಲ್ಲಿ ಒಂದು ಗುಂಪಿಗೆ ಮೆಟ್ರೊನಿಡಜೋಲ್, ಇನ್ನೊಂದಕ್ಕೆ ಹುಸಿಮಾತ್ರೆ ಕೊಟ್ಟರು. ಅವಧಿಗೆ ಮುಂಚಿನ ಹೆರಿಗೆ ಕಡಿಮೆಯಾಗಲಿಲ್ಲ. 2018ರ ಫ್ರಾನ್ಸಿನ ‘ಪ್ರೆಮೆವಾ’ ಪ್ರಯೋಗದಲ್ಲಿ ಕ್ಲಿಂಡಾಮೈಸಿನ್ ಕೂಡ ಕೈಕೊಟ್ಟಿತು. ಕಳೆ ಕಿತ್ತ ಮಾತ್ರಕ್ಕೆ ಹೊಲದಲ್ಲಿ ಪೈರು ಏಳುವುದಿಲ್ಲ.

ಗುಂಪಿನೊಳಗಿನ ಹೆಸರುಗಳು

ಮುಂದಿನ ಹೆಜ್ಜೆ ಇಟ್ಟದ್ದು ಜೀನು ಓದುವ ತಂತ್ರ. 2011ರಲ್ಲಿ ಜಾಕ್ ರವೆಲ್ ತಂಡ ಉತ್ತರ ಅಮೆರಿಕದ 396 ಆರೋಗ್ಯವಂತ ಮಹಿಳೆಯರ ಮಾದರಿಗಳನ್ನು ಐದು ಗುಂಪುಗಳಾಗಿ ವಿಂಗಡಿಸಿತು. ನಾಲ್ಕರಲ್ಲಿ ಒಂದೊಂದು ಲ್ಯಾಕ್ಟೋಬ್ಯಾಸಿಲಸ್ ಪ್ರಭೇದದ ಯಜಮಾನಿಕೆ: ಕ್ರಿಸ್ಪೇಟಸ್, ಗ್ಯಾಸೆರಿ, ಐನರ್ಸ್, ಜೆನ್ಸೆನಿ. ಐದನೆಯದರಲ್ಲಿ ಯಾರ ಯಜಮಾನಿಕೆಯೂ ಇಲ್ಲ. ಕಪ್ಪು ಮತ್ತು ಹಿಸ್ಪಾನಿಕ್ ಮಹಿಳೆಯರಲ್ಲಿ ಈ ಐದನೆಯ ಗುಂಪು ಹೆಚ್ಚಾಗಿ ಕಂಡಿತು, ಅವರೂ ಆರೋಗ್ಯವಂತರೇ. ‘ಸಹಜ’ ಎಂಬ ಮಾತಿಗೆ ಮೊದಲ ಬಿರುಕು ಬಿದ್ದದ್ದು ಇಲ್ಲಿ.

ಬಿರುಕು ಅಗಲವಾಗುತ್ತ ಹೋಯಿತು. 2015ರಲ್ಲಿ ಸ್ಟ್ಯಾನ್‌ಫರ್ಡ್‌ನ ಅಧ್ಯಯನ, ಲ್ಯಾಕ್ಟೋಬ್ಯಾಸಿಲಸ್ ಕೊರತೆಗೂ ಅವಧಿಪೂರ್ವ ಹೆರಿಗೆಗೂ ನಂಟಿದೆ ಎಂದಿತು. 2017ರಲ್ಲಿ ಎರಡು ಊರುಗಳಲ್ಲಿ ಮರುಪರೀಕ್ಷೆ ನಡೆಯಿತು. ಬಿಳಿಯರೇ ಹೆಚ್ಚಿದ್ದ ಸ್ಟ್ಯಾನ್‌ಫರ್ಡ್ ಗುಂಪಿನಲ್ಲಿ ನಂಟು ಮತ್ತೆ ಕಂಡಿತು. ಕಪ್ಪು ಮಹಿಳೆಯರೇ ಹೆಚ್ಚಿದ್ದ ಅಲಬಾಮಾ ಗುಂಪಿನಲ್ಲಿ ಕಾಣಲಿಲ್ಲ.

ಹಡಪ್ಸರದ ಅಳತೆಗೋಲು

ಪುಣೆಯ ತಂಡ ಬಂದದ್ದು ಈ ಗೊಂದಲದ ನಡುವೆ. ಅವರು ಈಗಾಗಲೇ ಲಭ್ಯವಿದ್ದ ದತ್ತಾಂಶಗಳನ್ನು ಒಟ್ಟುಗೂಡಿಸಿ ಮತ್ತೆ ಲೆಕ್ಕ ಹಾಕಿದರು. ಯಾವ ಜೀವಿ ಇದೆ ಎಂಬುದಕ್ಕಿಂತ ಪಾಲು ಹೇಗೆ ಹಂಚಿಹೋಗಿದೆ ಎಂಬುದು ಅವರಿಗೆ ಮುಖ್ಯವಾಯಿತು. ಆಸ್ತಿ ಹಂಚಿಕೆಯ ಅಸಮಾನತೆ ಅಳೆಯಲು ಅರ್ಥಶಾಸ್ತ್ರಜ್ಞರು ಬಳಸುವ ಬಗೆಯ ಸೂಚ್ಯಂಕಗಳನ್ನೂ ಪರೀಕ್ಷಿಸಿದರು. ನೂರು ಜೀವಿಗಳಲ್ಲಿ ತೊಂಬತ್ತೈದು ಒಂದೇ ಪ್ರಭೇದದವಾದರೆ ಅಸಮಾನತೆ ಹೆಚ್ಚು. ಹತ್ತು ಪ್ರಭೇದಗಳಿಗೆ ಹತ್ತತ್ತು ಬಂದರೆ ಸಮಪಾಲು. ಸಮಾಜದಲ್ಲಿ ಸಮಪಾಲು ಒಳ್ಳೆಯದು, ಇಲ್ಲಿ ಅಪಾಯದ ಸುಳಿವು. ಮೊದಲ ಮೂರು ತಿಂಗಳ ಮಾದರಿಗಳಲ್ಲೇ ಬೇಗ ಹೆತ್ತವರಿಗೂ ದಿನ ತುಂಬಿ ಹೆತ್ತವರಿಗೂ ವ್ಯತ್ಯಾಸ ಕಂಡಿತು. ತಂಡವು ತನ್ನದೇ ಹೊಸ ಸೂಚ್ಯಂಕವೊಂದನ್ನು ಕಟ್ಟಿ, ಹಳೆಯವುಗಳಿಗಿಂತ ಅದು ನಿಖರ ಎಂದು ‘ಸೈಂಟಿಫಿಕ್ ರಿಪೋರ್ಟ್ಸ್’ ಪತ್ರಿಕೆಯಲ್ಲಿ ಬರೆಯಿತು.

ಇದರ ಬೆಲೆ ಇರುವುದು ‘ಮೊದಲ ಮೂರು ತಿಂಗಳು’ ಎಂಬಲ್ಲಿ. ಆರೇಳು ತಿಂಗಳಲ್ಲಿ ಸಿಗುವ ಎಚ್ಚರಿಕೆಯಿಂದ ವೈದ್ಯರಿಗೆ ಸಿಗುವ ಸಮಯ ತೀರಾ ಕಡಿಮೆ. ಇತಿಮಿತಿಯೂ ಇಲ್ಲೇ ಇದೆ. ಅಳತೆಗೋಲು ಪುಣೆಯದು, ಅದನ್ನು ಪುಣೆಯ, ಬೆಳಗಾವಿಯ, ಮೈಸೂರಿನ ಬಸುರಿಯರ ಮೇಲಿಟ್ಟು ನೋಡದೆ ಅದು ಇಲ್ಲಿಯ ವೈದ್ಯರ ಸಾಧನವಾಗದು.

ನಮ್ಮವರ ‘ಸಹಜ’ ಯಾವುದು?

ಇಲ್ಲಿನ ಎಣಿಕೆ ಶುರುವಾಗಿಲ್ಲ ಎಂದಲ್ಲ. 2005–06ರಲ್ಲಿ ಪೂರ್ಣಿಮಾ ಮಾಧಿವನನ್ ತಂಡ ಮೈಸೂರಿನ ಯುವತಿಯರ 863 ಗಾಜಿನ ಪಟ್ಟಿಗಳನ್ನು ನ್ಯೂಜೆಂಟ್ ಅಂಕದಲ್ಲಿ ಅಳೆಯಿತು. ಶೇ 19.1 ಮಂದಿಗೆ ವಜೈನೋಸಿಸ್ ಇತ್ತು. ಇನ್ನೂ ಶೇ 15.4 ಮಂದಿ ನಡುವಿನ ಸ್ಥಿತಿಯಲ್ಲಿದ್ದರು. 2015ರಲ್ಲಿ ಗುರುಗ್ರಾಮದ ಜಿಲ್ಲಾ ಆಸ್ಪತ್ರೆಯಲ್ಲಿ ಆರಂಭವಾದ ‘ಗರ್ಭಿಣಿ’ ಅಧ್ಯಯನ ಸಾವಿರಾರು ಬಸುರಿಯರನ್ನು ಮೊದಲ ತಿಂಗಳುಗಳಿಂದಲೇ ಹಿಂಬಾಲಿಸಿತು. ಅದರ ಮಾದರಿಗಳಿಂದ 2021ರಲ್ಲಿ ಹೊರಬಂದ ವರದಿಯಲ್ಲಿ ಗಾರ್ಡ್‌ನರೆಲ್ಲಾ, ಸ್ನೀಥಿಯಾ ಬ್ಯಾಕ್ಟೀರಿಯಾಗಳ ಜೊತೆಗೆ ಲ್ಯಾಕ್ಟೋಬ್ಯಾಸಿಲಸ್ ಐನರ್ಸ್ ಕೂಡ ಅವಧಿಪೂರ್ವ ಹೆರಿಗೆಯ ಪಕ್ಕದಲ್ಲಿತ್ತು. ಗ್ಯಾಸೆರಿ ದಿನ ತುಂಬಿದ ಹೆರಿಗೆಯ ಪಕ್ಕದಲ್ಲಿ. ಐನರ್ಸ್ ಹೆಸರಿಗೆ ಕಾವಲುಗಾರನ ಮನೆತನದ್ದೇ; ಹಗೆ ಬಂದಾಗ ಅದು ಬಾಗಿಲು ಬಿಟ್ಟುಕೊಡುವ ಜಾಯಮಾನದ್ದು. ಅಂದಮೇಲೆ ‘ಲ್ಯಾಕ್ಟೋಬ್ಯಾಸಿಲಸ್ ಇದೆ’ ಎಂಬ ವರದಿಯೊಂದೇ ಸಾಲದು, ಯಾವುದು ಎಂದೂ ಕೇಳಬೇಕು.

ಕಳೆ ಕಿತ್ತ ಮೇಲೆ ಬಿತ್ತನೆ

ಈಗ ಪ್ರಯತ್ನ ಬಿತ್ತನೆಯ ಕಡೆ ತಿರುಗಿದೆ. 2020ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ ಔಷಧದ ನಂತರ ಕ್ರಿಸ್ಪೇಟಸ್ ಬ್ಯಾಕ್ಟೀರಿಯಾವನ್ನೇ ಯೋನಿಯೊಳಗೆ ಇಟ್ಟರು. ಹನ್ನೆರಡು ವಾರದಲ್ಲಿ ತೊಂದರೆ ಮರುಕಳಿಸಿದ್ದು ಶೇ 30 ಮಂದಿಗೆ, ಹುಸಿಮದ್ದು ಪಡೆದವರಲ್ಲಿ ಶೇ 45. ಆ ಪ್ರಯೋಗದಲ್ಲಿದ್ದವರು ಬಸುರಿಯರಲ್ಲ. 2025ರ ಆಸ್ಟ್ರೇಲಿಯಾದ ಪ್ರಯೋಗದಲ್ಲಿ ಗಂಡಿಗೂ ಔಷಧ ಕೊಟ್ಟಾಗ ಮರುಕಳಿಕೆ ಸುಮಾರು ಅರ್ಧಕ್ಕಿಳಿಯಿತು. ಇಷ್ಟು ವರ್ಷ ಹೆಂಗಸೊಬ್ಬಳ ತಲೆಗೇ ಕಟ್ಟಿದ್ದ ಹೊರೆ ಅದು.

ಮೊಸರಿನಲ್ಲೂ ಲ್ಯಾಕ್ಟೋಬ್ಯಾಸಿಲಸ್ ಇದೆಯಲ್ಲ ಎಂದು ಅಡುಗೆಮನೆಯ ಹೆಪ್ಪನ್ನು ನೆನೆಯುವವರಿಗೆ ಒಂದು ಮಾತು: ಅದರ ಪ್ರಭೇದಗಳೇ ಬೇರೆ. ಊಟಕ್ಕೆ ಸರಿ, ಒಳಗೆ ಹಚ್ಚಲು ಅಲ್ಲ. ಯೋನಿಯೊಳಗೆ ನೀರು ಹಾಯಿಸಿ ತೊಳೆಯುವುದೂ ಕಾವಲನ್ನೇ ಕೊಚ್ಚಿಹಾಕುತ್ತದೆ.

ದಿನ ತುಂಬದ ಹೆರಿಗೆಯ ದಾರಿಗಳೆಲ್ಲ ಸೂಕ್ಷ್ಮಜೀವಿಗಳಿಂದಲೇ ಹೊರಡುವುದಿಲ್ಲ. ಬೆಳಗಾವಿಯೂ ಭಾಗಿಯಾಗಿದ್ದ ಆರು ದೇಶಗಳ ಪ್ರಯೋಗದಲ್ಲಿ (2020) ಚೊಚ್ಚಲ ಬಸುರಿಯರಿಗೆ ದಿನಕ್ಕೆ 81 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟಾಗ ಅವಧಿಪೂರ್ವ ಹೆರಿಗೆ ಶೇ 13.1ರಿಂದ 11.6ಕ್ಕೆ ಇಳಿದಿತ್ತು. 2020ರಲ್ಲಿ ಭಾರತದಲ್ಲಿ ಸುಮಾರು 30 ಲಕ್ಷ ಮಕ್ಕಳು 37 ವಾರ ತುಂಬದೆ ಹುಟ್ಟಿದರು. ಜಗತ್ತಿನ ಯಾವ ದೇಶದಲ್ಲೂ ಇಷ್ಟಿಲ್ಲ. ಆ ರಾಶಿಯ ಮುಂದೆ ನೂರು ಹೆರಿಗೆಗೆ ಒಂದೂವರೆಯಷ್ಟು ಇಳಿಕೆಯೂ ಸಣ್ಣದಲ್ಲ.

ಲಕ್ಷಣವಿಲ್ಲದ ಬಸುರಿಗೆ ಇಂದು ವಜೈನೋಸಿಸ್ ಪರೀಕ್ಷೆ ಬೇಕಿಲ್ಲ. ವಾಸನೆಯ ಬಿಳಿಸ್ರಾವ ಇದ್ದವಳು ಮುಚ್ಚಿಡದೆ ಹೇಳಿದರೆ ಚಿಕಿತ್ಸೆ ಇದೆ. ಅಪಾಯವನ್ನು ಮುಂಗಂಡು ಹೇಳುವ ಕೆಲಸಕ್ಕೆ ಮಾತ್ರ ಇನ್ನೊಂದು ಬಗೆಯ ಫೈಲು ಬೇಕು. ಕೆ.ಇ.ಎಂ.ನವರು ಹುಟ್ಟಿದಂದಿನಿಂದ ಹದಿನೆಂಟು ವರ್ಷ ತೆರೆದಿಟ್ಟದ್ದರ ಮುಂದೆ ಇದು ಚಿಕ್ಕದು: ತಾಯಿ ಕಾರ್ಡ್ ಮಾಡಿಸಿದ ದಿನ ತೆರೆದು, ಹೆರಿಗೆಯ ದಿನ ಮುಚ್ಚಿದರೆ ಸಾಕು.