ಮಾನ್ಯಖೇಟದ ಕುಟ್ಟೀಕಾರ

ಅನೇಕ ವರ್ಷಗಳ ಹಿಂದೆ ರಾಯಚೂರಿನಲ್ಲಿ ಗಣಿತಪಾಠ ಹೇಳುತ್ತಿದ್ದಾಗ ನಾನು ಹಲಗೆಯ ಮೇಲೆ ಈ ಲೆಕ್ಕವನ್ನು ಬರೆದೆನು: ಒಂದೇ ಪ್ರಮಾಣದ ೬೩ ಬಾಳೆಹಣ್ಣಿನ ರಾಶಿಗಳೂ ೭ ಬಿಡಿಹಣ್ಣುಗಳೂ ಇವೆ. ಇವೆಲ್ಲವನ್ನೂ ೨೩ ಮಂದಿ ಪಥಿಕರು ಸಮನಾಗಿ ಹಂಚಿಕೊಂಡರೆ ಏನೂ ಉಳಿಯದು. ರಾಶಿಯೊಂದಕ್ಕೆ ಹಣ್ಣುಗಳೆಷ್ಟು? ಮಾನ್ವಿಯ ಕಡೆಯ ಹುಡುಗನೊಬ್ಬನು ಒಂದು, ಎರಡು ಎಂದು ಪರೀಕ್ಷಿಸುತ್ತ ಹೋಗಿ ಐದೆಂದನು. ಬಳಿಕ, “ಸಂಖ್ಯೆಗಳು ದೊಡ್ಡವಾದರೆ ಹೀಗೆ ಎಷ್ಟು ದಿನ ಎಣಿಸಬೇಕು?” ಎಂದು ಕೇಳಿದನು. ನಾನು ಅವನನ್ನು ಸುಮ್ಮನೆ ಕೂರಿಸಿದೆನು. ಪಾಠಶಾಲೆಯಲ್ಲಿ ಲೀಲಾವತಿಯ ಕುಟ್ಟಕಪ್ರಕರಣವನ್ನು ಕಂಠಪಾಠ ಮಾಡಿದ್ದ ನನಗೆ, ಅದು ಈ ಪ್ರಶ್ನೆಗೇ ಉತ್ತರವೆಂಬುದು ಆಗ ಹೊಳೆಯಲಿಲ್ಲ. ಆ ಋಣವನ್ನು ಇಂದು ತೀರಿಸಲಪೇಕ್ಷಿಸುತ್ತೇನೆ.

ಈ ಲೆಕ್ಕವು ಮಹಾವೀರಾಚಾರ್ಯನ ಗಣಿತಸಾರಸಂಗ್ರಹದ್ದು. ಕ್ರಿ. ಶ. ೮೫೦ರ ಸುಮಾರಿನ ಈ ಸಂಸ್ಕೃತಗ್ರಂಥದ ಆರಂಭದಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಪ್ರಶಂಸೆಯಿದೆ. ಆ ಅರಸನ ರಾಜಧಾನಿಯಾದ ಮಾನ್ಯಖೇಟವು ನಮಗೆ ದೂರದ್ದಲ್ಲ. ದೇವದುರ್ಗದಿಂದ ಕೃಷ್ಣಾ ಭೀಮೆಗಳನ್ನು ದಾಟಿ ಉತ್ತರಕ್ಕೆ ಹೋದರೆ ಸಿಗುವ, ಕಾಗಿಣಾ ತೀರದ ಮಳಖೇಡವೇ ಅದು.

ಕುಟ್ಟಕವೆಂದರೆ ಕುಟ್ಟಿ ಪುಡಿಮಾಡುವಿಕೆ. ಇದರ ಕ್ರಮವನ್ನು ಆರ್ಯಭಟನು ೪೯೯ರಲ್ಲಿ ಸೂತ್ರರೂಪವಾಗಿ ಹೇಳಿದನು. ಬ್ರಹ್ಮಗುಪ್ತನು ೬೨೮ರಲ್ಲಿ ಇದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟನು. ಮೊದಲನೆಯ ಭಾಸ್ಕರನು ೬೨೯ರಲ್ಲಿ ಆರ್ಯಭಟನ ಸೂತ್ರವನ್ನು ವಿವರಿಸಿದನು. ಅವರಿಗೆ ಇದು ಮುಖ್ಯವಾಗಿ ಗ್ರಹಗತಿಯ ಸಾಧನವಾಗಿದ್ದಿತು. ಮಹಾವೀರನಾದರೋ ಇದನ್ನು ಹಣ್ಣಿನ ರಾಶಿಗೂ ದಾರಿಗರ ಬುತ್ತಿಗೂ ಇಳಿಸಿದನು. ಇಂಥ ಲೆಕ್ಕಗಳಲ್ಲಿ ಭಿನ್ನರಾಶಿಯ ಉತ್ತರವು ಉತ್ತರವೇ ಅಲ್ಲವಷ್ಟೆ.

ಕ್ರಮವು ಹೀಗೆ: ೬೩ನ್ನು ೨೩ರಿಂದ ಭಾಗಿಸಿದರೆ ಲಬ್ಧ ೨, ಶೇಷ ೧೭. ೨೩ನ್ನು ೧೭ರಿಂದ ಭಾಗಿಸಿದರೆ ಲಬ್ಧ ೧, ಶೇಷ ೬. ೧೭ನ್ನು ೬ರಿಂದ ಭಾಗಿಸಿದರೆ ಲಬ್ಧ ೨, ಶೇಷ ೫. ೬ನ್ನು ೫ರಿಂದ ಭಾಗಿಸಿದರೆ ಲಬ್ಧ ೧, ಶೇಷ ೧. ಲೆಕ್ಕವು ಹೀಗೆ ಪುಡಿಯಾಗುತ್ತ ಬಂದಾಗ ಲಬ್ಧಗಳನ್ನು ಒಂದರ ಕೆಳಗೊಂದು ಬಳ್ಳಿಯಂತೆ ಬರೆಯಬೇಕು. ಆದುದರಿಂದಲೇ ಇದಕ್ಕೆ ವಲ್ಲಿಕಾಕುಟ್ಟೀಕಾರವೆಂಬ ಹೆಸರು. ಕೊನೆಯ ಚಿಕ್ಕ ಶೇಷಕ್ಕೆ ಸುಲಭವಾಗಿ ಹೊಂದುವ ಸಂಖ್ಯೆಯನ್ನು ಹಿಡಿದು, ಕೆಳಗಿನಿಂದ ಮೇಲಕ್ಕೆ ಗುಣಿಸಿ ಕೂಡುತ್ತ ಬಂದರೆ ರಾಶಿಗೆ ೫, ಪಥಿಕನಿಗೆ ೧೪ ಎಂದು ಸಿದ್ಧಿಸುವುದು. ೫ಕ್ಕೆ ೨೩ನ್ನು ಕೂಡುತ್ತ ಹೋದರೆ ೨೮, ೫೧ ಮುಂತಾದ ಉತ್ತರಗಳೂ ದೊರೆಯುವುವು.

ಈ ಕ್ರಮವು ಅಸಾಧ್ಯವನ್ನೂ ತೋರಿಸಿಕೊಡುವುದು. ಪಥಿಕರು ೨೧ ಮಂದಿಯಾಗಿದ್ದರೆ ೬೩ ರಾಶಿಗಳು ಹೇಗಿದ್ದರೂ ಸಮನಾಗಿ ಹಂಚಿಹೋಗಿ, ೭ ಬಿಡಿಹಣ್ಣುಗಳು ಉಳಿದೇ ತೀರುವುವು. ಜೀವಮಾನವೆಲ್ಲ ಎಣಿಸಿದರೂ ಅಲ್ಲಿ ಉತ್ತರವಿಲ್ಲ.

ಆ ಹುಡುಗನು ಈಗೆಲ್ಲಿರುವನೋ ಅರಿಯೆನು. ಸಂಖ್ಯೆಗಳು ಮೂರಂಕಿಯವಾದರೂ ಹದಿನೈದು ಭಾಗಹಾರಗಳೊಳಗೆ ಕುಟ್ಟುವ ಕೆಲಸವು ಮುಗಿಯುವುದು, ದಿನಗಟ್ಟಲೆ ಎಣಿಸಬೇಕಾಗಿಲ್ಲ. ಅಂದು ನಾನು ಅವನಿಗೆ ಹೇಳಬೇಕಾಗಿದ್ದುದು ಇಷ್ಟೇ.